ಕೌದಿವೀರನ ಗೀಟು

ವಿರೂಪಾಕ್ಷ ಮೊಬೈಲನ್ನು ದೊಡ್ಡವ್ವನ ಮೂಗಿನ ಹತ್ತಿರ ತಂದು ಹಿಡಿದು, “ನೋಡಬೇ, ಹೆಂಗೈತಿ?” ಅಂದ.

ಮರೆವ್ವ ಕನ್ನಡಕ ಏರಿಸಿ ನೋಡಿದಳು, ಇಳಿಸಿ ನೋಡಿದಳು. ಹೊಸ ಚಿತ್ರಕಥೆ ಪುಸ್ತಕದ ಮುಖಪುಟ. ಕೌದಿವೀರ ಆಕಾಶದಲ್ಲಿದ್ದ. ಹೆಗಲ ಮೇಲೆ ಬಣ್ಣಬಣ್ಣದ ತುಂಡುಗಳ ಕೌದಿ ಹಾರುತ್ತಿತ್ತು, ಕೆಳಗೆ ನವಿಲುತೀರ್ಥದ ಅಣೆಕಟ್ಟು. ಅಲ್ಲಿಯವರೆಗೆ ಎಲ್ಲ ಸರಿ. ಆದರೆ ಅವನ ಪಕ್ಕದಲ್ಲಿ ಯಾರೋ ಒಬ್ಬಳು ಹುಡುಗಿ ಹಾರುತ್ತಿದ್ದಳು. ಮೈಗೆ ಮೆತ್ತಿದಂಥ ಬಟ್ಟೆ, ಬಿಚ್ಚಿದ ಕೂದಲು, ಬಳೆಯೊಳಗೆ ತೂರಿಸಬಹುದಾದಂಥ ಸೊಂಟ.

“ಇಕಿ ಯಾರೋ?”

“ಕಾಶವ್ವ, ದೊಡ್ಡವ್ವ. ಕೌದಿವೀರನ ಅಕ್ಕ. ಮರತಿಯೇನು?”

“ಕಾಶವ್ವಗ ಉಣ್ಣಾಕ ಹಾಕೂದ ಬಿಟ್ಟೀರೇನು?”

ವಿರೂಪಾಕ್ಷ ನಕ್ಕ. “ಹುಡುಗೂರು ಕಂಪ್ಯೂಟರದಾಗ ಸುಧಾರ್ಸ್ಯಾರ. ಈಗಿನ ಮಂದಿಗೆ ಹಿಂಗ ಬೇಕಾಗತೈತಿ.”

“ಬಂಡಿ ಗಾಲಿ ಒಂದ ಕೈಲೆ ಎತ್ತಾಕಿ ಅಕಿ. ಈ ಹುಡುಗಿ ಕೊಡಾ ಎತ್ತಿದರ ನಡಾ ಮುರಕೋತಾಳ.”

ಅಷ್ಟು ಹೇಳಿ ಅವಳು ಚಿತ್ರದ ಕೆಳಗಿನ ಅಕ್ಷರಗಳನ್ನು ಕೂಡಿಸಿ ಓದತೊಡಗಿದಳು. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು, ಓದು ನಿಧಾನ. ಕಥೆ. ಚಿತ್ರ. ದಿವಂಗತ. ರಾಯಪ್ಪ. ಮುಂದೆ ಏನಾದರೂ ಇದೆಯೋ ಎಂದು ಬೆರಳಿನಿಂದ ಪರದೆಯನ್ನು ಸರಿಸಿದಳು. ಏನೂ ಇರಲಿಲ್ಲ. ಮುಂದಿನ ಫೋಟೋದಲ್ಲಿ ವಿರೂಪಾಕ್ಷನ ಹೊಸ ಬುಲೆಟ್ ಗಾಡಿ ಬಂತು.

ವಿರೂಪಾಕ್ಷ ಮೈದುನನ ಮಗ. ಬೈಲಹೊಂಗಲದಲ್ಲಿ ಆಫ್‌ಸೆಟ್ ಪ್ರೆಸ್ಸು, ಫ್ಲೆಕ್ಸಿನ ಅಂಗಡಿ ಇಟ್ಟಿದ್ದ. ಕೆಟ್ಟವನಲ್ಲ. ನೇಸರಗಿಗೆ ಬಂದಾಗಲೆಲ್ಲ ದೊಡ್ಡವ್ವನ ಮನೆಗೆ ಬಾರದೆ ಹೋದವನಲ್ಲ, ಬರಿಗೈಯಲ್ಲಿ ಬಂದವನೂ ಅಲ್ಲ. ಆದರೆ ಅವನಿಗೆ ಕಿವಿಗಿಂತ ಬಾಯಿ ದೊಡ್ಡದು. ಕೌದಿವೀರನ ಹಳೆಯ ಪುಸ್ತಕಗಳನ್ನು ಯಾರೋ ಹುಡುಗರು ಇಂಟರ್ನೆಟ್ಟಿನಲ್ಲಿ ಹಾಕಿದ್ದರು. ಅದನ್ನು ನೋಡಿ ಎಲ್ಲೆಲ್ಲಿಂದಲೋ ಕೇಳುವವರು ಹುಟ್ಟಿಕೊಂಡಿದ್ದರು. ಅದಕ್ಕೇ ಎಲ್ಲವನ್ನೂ ಕೂಡಿಸಿ ಒಂದು ದಪ್ಪ ಪುಸ್ತಕ ಮಾಡಿ, ಬೈಲಹೊಂಗಲದ ಸಭಾಭವನದಲ್ಲಿ ಬಿಡುಗಡೆ ಮಾಡುವುದೆಂದು ಅವನು ನಿಶ್ಚಯಿಸಿದ್ದ.

“ನೀ ಬಂದು ವೇದಿಕಿ ಮ್ಯಾಲ ಕುಂದ್ರಬೇಕು, ಶಾಲು ಹೊಚ್ಚಿಸಿಕೋಬೇಕು. ದೊಡ್ಡಪ್ಪನ ಪರವಾಗಿ,” ಅಂದ.

“ವಿರೂಪಾಕ್ಷಾ,” ಅಂದಳು ಮರೆವ್ವ, “ಚಿತ್ರ ನಾ ಬರದದ್ದು.”

“ಗೊತ್ತೈತಿ ಬಿಡಬೇ. ನೀನೂ ಬಣ್ಣಾ ತುಂಬಿ ಭಾಳ ಸಹಾಯ ಮಾಡೀದಿ.”

“ಬಣ್ಣಾ ಎಲ್ಲಿತ್ತೋ? ಒಳಗೆಲ್ಲಾ ಕಪ್ಪು ಮಸಿನ ಇತ್ತು.”

“ಹೌದೌದು, ಮಸಿ ತುಂಬೀದಿ.”

ಸೊಸೆ ಉಮಾಶ್ರೀ ಚಹಾ ತಂದಿಟ್ಟು ತಾನೂ ಮೊಬೈಲಿನಲ್ಲಿ ಇಣುಕಿದಳು. “ಅತ್ತಿ, ಮಾವಾರು ಎಷ್ಟ ಚಂದ ಬರದಾರ ನೋಡ್ರಿ,” ಅಂದಳು. ಮರೆವ್ವ ಬಸಿಯಲ್ಲಿ ಚಹಾ ಸುರುವಿಕೊಂಡು ಕುಡಿದಳು. ಮನೆಯೊಳಗಿನವರಿಗೇ ಹೀಗೆ ಅನ್ನಿಸಿದರೆ ಹೊರಗಿನವರ ಮೇಲೆ ಸಿಟ್ಟು ಮಾಡಿ ಏನು ಪ್ರಯೋಜನ?

ನಡೆದದ್ದು ಬೇರೆ.

ರಾಯಪ್ಪನಿಗೆ ಆ ಕಾಲದಲ್ಲಿ ಒಂದು ಟ್ರೆಡಲ್ ಮಷಿನ್ ಇತ್ತು. ಕಾಲಿನಿಂದ ತುಳಿದು ಮದುವೆ ಪತ್ರಿಕೆ, ಅಂಗಡಿಯ ಪಾವತಿ ಪುಸ್ತಕ ಅಚ್ಚು ಹಾಕುತ್ತಿದ್ದ. ಕೆಲಸವಿಲ್ಲದ ದಿನಗಳೇ ಹೆಚ್ಚು. ಒಂದು ಮಧ್ಯಾಹ್ನ ಮರೆವ್ವ, ಕೂಸು ಮಲಗಲೆಂದು, ಅಚ್ಚು ಕೆಟ್ಟ ಮದುವೆ ಪತ್ರಿಕೆಯ ಹಿಂಬದಿಯಲ್ಲಿ ಚಿತ್ರ ಬರೆಯುತ್ತ ಕತೆ ಹೇಳುತ್ತಿದ್ದಳು. ಒಬ್ಬ ಹುಡುಗ. ಅವನ ಅಕ್ಕ ಹರಕು ಸೀರೆಗಳ ತುಂಡು ಕೂಡಿಸಿ ಅವನಿಗೊಂದು ಕೌದಿ ಹೊಲಿದು ಕೊಟ್ಟಿದ್ದಾಳೆ. ಊರಿನ ಎಲ್ಲ ಅವ್ವಂದಿರ ಸೀರೆಯ ತುಂಡೂ ಅದರಲ್ಲಿದೆ. ಅದನ್ನು ಹೆಗಲಿಗೆ ಕಟ್ಟಿಕೊಂಡರೆ ಅಷ್ಟೂ ಮಂದಿಯ ಬಲ ಅವನಿಗೆ ಬರುತ್ತದೆ, ಅವನು ಹಾರುತ್ತಾನೆ. ಊಟಕ್ಕೆ ಬಂದ ರಾಯಪ್ಪ ಬಾಗಿಲಲ್ಲೇ ನಿಂತು ಕತೆ ಪೂರ್ತಿ ಕೇಳಿದ. ಆಮೇಲೆ, “ಇದನ್ನ ಪುಸ್ತಕಾ ಮಾಡೋಣ,” ಅಂದ.

ಹಾಗೆ ಶುರುವಾಯಿತು. ರೊಟ್ಟಿ ಬಡಿದು ಮುಗಿಸಿ, ಕೈ ತೊಳೆದು, ಅಡುಗೆಮನೆಯ ಕಟ್ಟೆಯ ಮೇಲೆ ಕಾಗದ ಹಾಸಿ ಅವಳು ಬರೆಯುವಳು. ಗಂಡ ಮಾತಿನ ಗುಳ್ಳೆಗಳಲ್ಲಿ ಅಕ್ಷರ ಬರೆಯುವನು, ಬೆಳಗಾವಿಗೆ ಹೋಗಿ ಚಿತ್ರಗಳ ಅಚ್ಚಿನ ಬ್ಲಾಕ್ ಮಾಡಿಸಿಕೊಂಡು ಬರುವನು, ಮಷಿನ್ ತುಳಿಯುವನು. ಚೀಲ ಹೊತ್ತು ಬಸ್ಸು ಹತ್ತಿ ಯರಗಟ್ಟಿ, ಸವದತ್ತಿ, ರಾಮದುರ್ಗ, ಕಿತ್ತೂರು ಅಂತ ತಿರುಗುವವನೂ ಅವನೇ. ಅವನ ದುಡಿತವನ್ನು ಮರೆವ್ವ ಯಾವತ್ತೂ ಕಡಿಮೆ ಮಾಡಿ ಹೇಳಿದವಳಲ್ಲ.

ಮೊದಲ ಪುಸ್ತಕ ಅಚ್ಚಿಗೆ ಹೋಗುವ ದಿನ ರಾಯಪ್ಪ, “ನಿನ್ನ ಹೆಸರೂ ಹಾಕಲೇನು?” ಎಂದು ಕೇಳಿದ್ದ. ಒಳಗಿನಿಂದ ಅತ್ತೆ ಗುಡುಗಿದಳು: “ಮನಿ ಹೆಣ್ಣಮಗಳ ಹೆಸರು ಬಸ್ ಸ್ಟ್ಯಾಂಡಿನ್ಯಾಗ ಮಾರತೀಯೇನೋ?” ಅಲ್ಲಿಗೆ ಆ ಮಾತು ಮುಗಿಯಿತು. ಮುಂದೆ ಬೆಳಗಾವಿಯಿಂದ ಒಬ್ಬ ಪತ್ರಿಕೆಯವನು ಬಂದು ಪಡಸಾಲೆಯಲ್ಲಿ ಕುಳಿತು, “ಈ ಚಿತ್ರ ಯಾರು ಬರೀತಾರ್ರಿ?” ಎಂದು ಕೇಳಿದ. ರಾಯಪ್ಪ ಅಡುಗೆಮನೆಯ ಕಡೆ ನೋಡಿದ, ಕೆಮ್ಮಿದ. ಹೆಂಡತಿಯ ಹೆಸರನ್ನು ನಾಲ್ಕು ಮಂದಿಯ ಎದುರು ಹೇಳುವುದು ಆಗ ಗಂಡಸಿಗೆ ಮರ್ಯಾದೆಯಲ್ಲ. ಗಂಡನ ಹೆಸರನ್ನು ಹೆಂಡತಿಯಂತೂ ಒಡಪಿನಲ್ಲಿ ಬಿಟ್ಟರೆ ಬೇರೆ ಎಲ್ಲೂ ಹೇಳುವಂತಿರಲಿಲ್ಲ. ಮದುವೆ, ಸೀಮಂತದಲ್ಲಿ ಎಲ್ಲರೂ ಗಂಟುಬಿದ್ದಾಗ ಎರಡು ಸಾಲು ಪ್ರಾಸ ಕಟ್ಟಿ, ಕೊನೆಗೆ ಗಂಡನ ಹೆಸರು ಸೇರಿಸಿ, ನಾಚಿಕೊಂಡು ಒಳಗೆ ಓಡುವುದು. ಅಷ್ಟೇ. ಹೀಗಾಗಿ ಅವನು ಇವಳ ಹೆಸರು ಹೇಳಲಿಲ್ಲ, ಇವಳು ಚಹಾದ ಬಟ್ಟಲು ಬಾಗಿಲ ಹೊರಗಿಟ್ಟು ಒಳಗೆ ಹೋದಳು. ಪತ್ರಿಕೆಯವನು ಎದುರಿಗಿದ್ದವನ ಹೆಸರನ್ನೇ ಬರೆದುಕೊಂಡು ಹೋದ.

ಕಾಶವ್ವನದು ಇನ್ನೊಂದು ಕತೆ. ಮೊದಮೊದಲು ಅವಳೂ ತಮ್ಮನ ಸಂಗಡ ಸರಿಸಮ ಹೊಡೆದಾಡುವಳು. ತಲೆಯ ಮೇಲಿನ ಕೊಡದ ನೀರು ತುಳುಕದಂತೆ ಕಳ್ಳರನ್ನು ಒದೆಯುವಳು. ಸುರೇಬಾನದ ಕಡೆಯ ಹೆಣ್ಣುಮಗಳೊಬ್ಬಳು ಯರಗಟ್ಟಿ ಸಂತೆಯಲ್ಲಿ ರಾಯಪ್ಪನನ್ನು ಹುಡುಕಿ, “ಕಾಶವ್ವಂದು ಮುಂದಿನ ಪುಸ್ತಕ ಯಾವಾಗ ಬರತೈತ್ರಿ? ಮಗಳು ಉಣವೊಲ್ಲಳು,” ಎಂದು ಕೇಳಿದ್ದಳಂತೆ. ಆದರೆ ಸಗಟು ಕೊಳ್ಳುವ ಅಂಗಡಿಯವನು, ಹೆಂಗಸು ಮುಂದೆ ಇದ್ದರೆ ಗಂಡುಹುಡುಗರು ಕೊಳ್ಳುವುದಿಲ್ಲ ಅಂದುಬಿಟ್ಟ. ಕಾಶವ್ವ ನಡುವಿನಿಂದ ಅಂಚಿಗೆ ಸರಿದಳು. ಅಂಚಿನಿಂದ ಬಾಗಿಲ ಮರೆಗೆ ಹೋದಳು. ಕೊನೆಗೆ ಬಾಗಿಲ ಸಂದಿಯಿಂದ ಕೌದಿ ಚಾಚುವ ಎರಡು ಕೈಗಳಷ್ಟೇ ಉಳಿದವು. ಆ ಕೈಗಳನ್ನು ಬರೆಯುವಾಗೆಲ್ಲ ಮರೆವ್ವ ತನ್ನ ಬಳೆಗಳನ್ನೇ ನೋಡಿಕೊಂಡು ಬರೆದಳು.

ಈಗ ವಿರೂಪಾಕ್ಷ ಚಹಾ ಮುಗಿಸಿ ಎದ್ದಿದ್ದ. ಅವನನ್ನು ತಡೆದು ಮರೆವ್ವ ಹೇಳಿದಳು:

“ತಮ್ಮಾ, ಇಷ್ಟದಿನಾ ನಾ ಏನೂ ಕೇಳಿಲ್ಲ. ಇದೊಂದು ಸಲ ದಪ್ಪ ಪುಸ್ತಕ ಆತು ಅಂದ್ರ ಮುಗೀತು, ಸಾಲಿ ಸಾಲಿಗೆ ಹೋಗತೈತಿ. ನಾ ಸತ್ತ ಮ್ಯಾಲ ಯಾರು ತಿದ್ದತಾರ? ನಿಮ್ಮ ದೊಡ್ಡಪ್ಪನ ಹೆಸರು ತಗೀಬ್ಯಾಡ. ಅದರ ಬಾಜೂಕ ನಂದೂ ಹಾಕು.”

“ಹಾಕ್ತೀನಿ, ಯಾಕ ಹಾಕೂದಿಲ್ಲ? ಹಾಕ್ತೀನಿ ಅಂದ್ರ ಹಾಕ್ತೀನಿ,” ಎಂದು ವಿರೂಪಾಕ್ಷ ಚಪ್ಪಲಿ ಮೆಟ್ಟಿದ. ಗಾಡಿ ಚಾಲೂ ಮಾಡಿದವನು ಮತ್ತೆ ಬಂದ್ ಮಾಡಿ, “ಹಾಂ, ಮರತಿದ್ದೆ. ಕಾರ್ಯಕ್ರಮಕ್ಕ ಒಬ್ಬ ಹುಡುಗನ್ನ ಕೌದಿವೀರ ಮಾಡಿ ನಿಂದ್ರಸವರದೀವಿ. ಅವಂಗೊಂದು ಕೌದಿ ಹೊಲದು ಕೊಡಬೇ. ನಿನ್ನಷ್ಟು ಚಂದ ಯಾರಿಗೂ ಬರೂದಿಲ್ಲ,” ಅಂದ.

ಹೊಲಿಗೆಯ ಮಾತಿಗೆ ಮಾತ್ರ ಯಾರಿಗೂ ಅನುಮಾನ ಬರಲಿಲ್ಲ.

ಕೌದಿ ಹೊಲಿಯಲು ಪಕ್ಕದ ಮನೆಯ ಶೆಟ್ಟೆವ್ವ ಬಂದಳು. ಮರೆವ್ವನ ವಾರಿಗೆಯವಳು, ಒಂದೇ ವರ್ಷ ಇಬ್ಬರೂ ಸೊಸೆಯಂದಿರಾಗಿ ಊರು ಸೇರಿದವರು. ಕಟ್ಟೆಯ ಮೇಲೆ ಹಳೆಯ ಸೀರೆ ಹಾಸಿಕೊಂಡು, ಒಬ್ಬಳು ಈ ತುದಿಯಿಂದ, ಇನ್ನೊಬ್ಬಳು ಆ ತುದಿಯಿಂದ ದಾರ ಎಳೆಯುತ್ತ ಕುಳಿತರು.

“ನಿನಗ ಬುದ್ಧಿ ಇಲ್ಲಬೇ,” ಅಂದಳು ಶೆಟ್ಟೆವ್ವ. “ಹೆಸರು ಹಾಕಿದ್ದು ಕಣ್ಣಿಲೆ ನೋಡಿದ ಮ್ಯಾಲ ಸೂಜಿ ಹಿಡೀಬೇಕಿತ್ತು.”

“ಹಾಕ್ತೀನಿ ಅಂದಾನ.”

“ನಮ್ಮ ಮನಿಯವರೂ ಬಂಗಾರದ ಬೋರಮಾಳ ಮಾಡಸ್ತೀನಿ ಅಂದಿದ್ರು, ನಾ ಮದಲಗಿತ್ತಿ ಇದ್ದಾಗ.”

ಇಬ್ಬರೂ ನಕ್ಕರು. ನಕ್ಕ ಮೇಲೆ ಮರೆವ್ವನ ಮೋರೆ ಮತ್ತೆ ಬಿಗಿಯಿತು.

ಕೌದಿ ಒಯ್ಯಲು ಬಂದಾಗ ವಿರೂಪಾಕ್ಷ ಒಂದು ಹಾಳೆ ತಂದಿದ್ದ. ಪುಸ್ತಕದ ಕೊನೆಯ ಪುಟ. “ನಿನ್ನ ಹೆಸರು ಬಂತು ನೋಡು,” ಎಂದು ಬೆರಳಿಟ್ಟು ತೋರಿಸಿದ. ಅಲ್ಲಿ ಪೆಂಡಾಲು ಹಾಕುವವರು, ಊಟದ ವ್ಯವಸ್ಥೆಯವರು, ಮೈಕಿನವರು, ಎಲ್ಲರ ಕೆಳಗೆ ಹೀಗಿತ್ತು: ಸಹಕಾರ, ಶ್ರೀಮತಿ ರಾಯಪ್ಪ.

ಮರೆವ್ವ ಹಾಳೆಯನ್ನು ಎರಡು ಸಲ ಓದಿದಳು.

“ಇದರಾಗ ನನ್ನ ಹೆಸರೆಲ್ಲೈತೋ?”

“ಶ್ರೀಮತಿ ರಾಯಪ್ಪ ಅಂದ್ರ ನೀನ ಅಲ್ಲೇನು?”

“ಮೈಕಿನಾಂವ ಮೈಕಿನಾಂವ ಆಗ್ಯಾನ. ಅಡಗಿಯಾಂವ ಅಡಗಿಯಾಂವ ಆಗ್ಯಾನ. ನಾ ಏನಾಗೇನಿ?”

ಶೆಟ್ಟೆವ್ವ ಸೂಜಿಯ ದಾರವನ್ನು ಹಲ್ಲಿನಿಂದ ಕಡಿದು, “ಸಹಕಾರಿ ಸಂಘ ಆಗೀಯಬೇ,” ಅಂದಳು.

ವಿರೂಪಾಕ್ಷನಿಗೂ ಕಿರಿಕಿರಿಯಾಯಿತು. ದೊಡ್ಡವರಿಗೆ ಎದುರಾಡಲಾರ, ಒಪ್ಪಲೂ ಆರ. ಕಿಸೆಯಿಂದ ಪೆನ್ನು ತೆಗೆದು ಹಾಳೆಯನ್ನು ತಿರುವಿ ಹಾಕಿ, “ಹಂಗಾದರ ಹಿಂಗ ಮಾಡೋಣ. ಇದರ ಮ್ಯಾಲ ಕೌದಿವೀರನ್ನ ಬರದು ತೋರ್ಸು. ವಿಡಿಯೋ ಮಾಡ್ತೀನಿ. ಮಂದಿಗೆ ನಂಬಿಕಿ ಬರಬೇಕಲ್ಲ?” ಅಂದ.

ಮರೆವ್ವ ತನ್ನ ಬಲಗೈ ನೋಡಿಕೊಂಡಳು. ಸೂಜಿಯನ್ನಾದರೆ ಬಟ್ಟೆ ಹಿಡಿದು ನಡೆಸುತ್ತದೆ. ಬರಿ ಕಾಗದದ ಮೇಲೆ ಪೆನ್ನು ಇಟ್ಟರೆ ಕೈ ಈಗ ನಡುಗುತ್ತಿತ್ತು.

“ನಿಮ್ಮ ದೊಡ್ಡಪ್ಪ ಇದ್ದಾಗ ಯಾರರ ಅವರಿಗೆ ಪೆನ್ನು ಕೊಟ್ಟು, ಬರದು ತೋರಸ್ರಿ ಅಂದಿದ್ರೇನು?”

“ಅವರ ಹೆಸರು ಪುಸ್ತಕದ ಮ್ಯಾಲ ಇತ್ತಲ್ಲಬೇ.”

“ಹೆಸರು ಐತಿ ಅಂತ ಯಾರೂ ಕೇಳಲಿಲ್ಲ. ಯಾರೂ ಕೇಳಲಿಲ್ಲ ಅಂತ ಹೆಸರು ಉಳೀತು. ಇದರ ನಡುವ ನಾ ಎಲ್ಲಿ ಹೊಕ್ಕೊಳ್ಳಲಿ? ಹೇಳು.”

ವಿರೂಪಾಕ್ಷ ತಲೆ ಕೆರೆದುಕೊಂಡ. ಮುಖಪುಟ ಆಗಲೇ ಅಚ್ಚಾಗಿದೆ ಅನ್ನುವ ಮಾತು ಆಗ ಹೊರಬಿತ್ತು. ಹಾಕ್ತೀನಿ ಅಂದ ದಿನವೇ ಆಗಿತ್ತಂತೆ.

“ಹೋಗಿ ಬಾ,” ಅಂದಳು ಮರೆವ್ವ. ಕೌದಿಯನ್ನು ಮಡಚಿ ಅವನ ಕೈಗೆ ಕೊಟ್ಟಳು. ಹೊಲಿದದ್ದನ್ನು ಬಿಚ್ಚುವ ಸ್ವಭಾವ ಅವಳದಲ್ಲ.

ಹೋಗುವುದೇ ಬೇಡ ಅಂದುಕೊಂಡಿದ್ದಳು. ಶೆಟ್ಟೆವ್ವ ಬಿಡಲಿಲ್ಲ. “ನೀ ಹೋಗಲಿಲ್ಲಂದ್ರ ಮೈಯಾಗ ಆರಾಮಿಲ್ಲ ಅಂತ ಹೇಳತಾರ. ಅಲ್ಲಿ ಹೋಗಿ ಕಣ್ಮುಂದ ಕುಂದ್ರು. ನಾನೂ ಬರ್ತೀನಿ,” ಎಂದು ಇಳಕಲ್ ಸೀರೆ ಉಟ್ಟುಕೊಂಡು ಬಂದು ಬಾಗಿಲಲ್ಲಿ ನಿಂತಳು.

ಸಭಾಭವನ ತುಂಬಿತ್ತು. ಗಡ್ಡ ಬಿಟ್ಟ ಹುಡುಗರು, ಮಕ್ಕಳನ್ನು ಎತ್ತಿಕೊಂಡ ತಾಯಂದಿರು, ಚಿಕ್ಕಂದಿನಲ್ಲಿ ಕೌದಿವೀರನನ್ನು ಓದಿ ಈಗ ತಲೆ ನರೆತವರು. ವೇದಿಕೆಯ ಹಿಂದೆ ರಾಯಪ್ಪನ ದೊಡ್ಡ ಫೋಟೋ, ಅದಕ್ಕೆ ಹಾರ. ಪಕ್ಕದಲ್ಲಿ ಮರೆವ್ವ ಹೊಲಿದ ಕೌದಿ ಹೊತ್ತು ಕೌದಿವೀರನಾದ ಹುಡುಗ ನಿಂತಿದ್ದ. ಮರೆವ್ವನಿಗೆ ಅಂಚಿನ ಕುರ್ಚಿ ಕೊಟ್ಟರು. ಅಲ್ಲಿಂದ ಅವಳಿಗೆ ಹಾರದ ಹೂವಷ್ಟೇ ಕಾಣುತ್ತಿತ್ತು. ಶೆಟ್ಟೆವ್ವ ವೇದಿಕೆಯ ಕೆಳಗೆ ಮುಂದಿನ ಸಾಲಿನಲ್ಲಿ, ಕೈಗೆ ಎಟಕುವಷ್ಟು ಹತ್ತಿರ ಕುಳಿತಳು.

ಭಾಷಣಗಳು ಶುರುವಾದವು. ಒಬ್ಬರು ಎದ್ದು, ಕೌದಿವೀರ ಹೊಡೆದಾಟಕ್ಕೆ ಮೊದಲು ಕೌದಿಯ ತುದಿಯನ್ನು ಸೊಂಟಕ್ಕೆ ಸಿಕ್ಕಿಸುವ ಬಗೆ ಹಳೆಯ ಜಟ್ಟಿಗಳ ಪಟ್ಟಿನಿಂದ ಬಂದದ್ದು ಎಂದರು. ಜನ ಚಪ್ಪಾಳೆ ತಟ್ಟಿದರು.

ಶೆಟ್ಟೆವ್ವ ಮುಂದೆ ಬಾಗಿ, “ಯವ್ವಾ, ನೀರಿಗೆ ಹೋಗುವಾಗ ನಾವು ಸೆರಗು ಸಿಗಿಸತಿದ್ದಿವಲ್ಲ, ಹಂಗ ಐತಿ ಅದು!” ಎಂದು ಪಿಸುಗುಟ್ಟಿದಳು. ಅವಳ ಪಿಸುಮಾತು ಮೂರು ಸಾಲಿಗೆ ಕೇಳಿತು.

“ಸುಮ್ಮಕಿರಬೇ,” ಅಂದಳು ಮರೆವ್ವ.

ಇನ್ನೊಬ್ಬರು ಎದ್ದರು. ಆ ಕಾಲದಲ್ಲಿ ಹೆಣ್ಣುಮಕ್ಕಳು ಇಂಥ ಪುಸ್ತಕಗಳ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ, ವೀರರ ಲೋಕ ಗಂಡುಹುಡುಗರದೇ ಆಗಿತ್ತು, ಎಂದರು. ಮರೆವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ಸುರೇಬಾನದ ಆ ಊಟ ಬಿಟ್ಟ ಹುಡುಗಿಗೆ ಈಗ ಮೊಮ್ಮಕ್ಕಳಿರಬೇಕು. ಅವಳು ಈ ಮಾತು ಕೇಳಿದ್ದರೆ ಏನು ಅನ್ನುತ್ತಿದ್ದಳೋ.

ಕೊನೆಗೆ ಮರೆವ್ವನಿಗೆ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟರು. ಅವಳು ಕುರ್ಚಿಗೆ ಮರಳುವಷ್ಟರಲ್ಲಿ ನಿರೂಪಣೆ ಮಾಡುತ್ತಿದ್ದ ಪೂನಮ್, ಕಾಲೇಜಿನಲ್ಲಿ ಕಲಿಸುವ ಹುಡುಗಿ, ಮೈಕು ಹಿಡಿದು ನಗುತ್ತ ಬಂದಳು. “ನಮ್ಮ ಅವ್ವಾರು ಹಿರ್ಯಾರು. ಯಜಮಾನರ ಹೆಸರು ಕೂಡಿಸಿ ಒಂದು ಒಡಪು ಹೇಳದ ಕುಂದ್ರಾಕ ಬಿಡೂದಿಲ್ಲ ನಾವು! ಹೌದಿಲ್ರಿ?”

“ಹೌದ್ ಹೌದು! ಒಡಪು! ಒಡಪು!” ಎಂದು ಸಭೆ ಎದ್ದುನಿಂತಂತಾಯಿತು. ವಿರೂಪಾಕ್ಷನೇ ಎಲ್ಲರಿಗಿಂತ ಜೋರಾಗಿ ಕೂಗಿದ.

ಇಡೀ ಬಾಳಿನಲ್ಲಿ ಅವಳಿಗೆ ನಾಲ್ಕು ಮಂದಿಯ ಎದುರು ಹೆಸರು ಹೇಳಲು ಸಿಕ್ಕ ಜಾಗ ಒಡಪೊಂದೇ. ಅದರಲ್ಲೂ ಬೇರೆಯವರ ಹೆಸರು. ಮರೆವ್ವ ಹಣ್ಣಿನ ಬುಟ್ಟಿಯನ್ನು ಶೆಟ್ಟೆವ್ವನ ಕೈಗೆ ದಾಟಿಸಿ, ಮೈಕಿನ ಹತ್ತಿರ ಬಾಯಿ ತಂದಳು. ಏರಿಸದೆ, ಇಳಿಸದೆ, ಅಕ್ಕಿ ಆರಿಸುವಾಗ ಮಾತಾಡಿದ ಹಾಗೆ ಹೇಳಿದಳು:

“ಹರಕ ಸೀರಿ ಕೂಡಿಸಿ ಕೌದಿಗಿ ಹಚ್ಚೀನಿ ಕೆಂಪಂಚು,
ಕೌದಿ ಹೊತ್ತ ಹುಡುಗನ ಕಣ್ಣಾಗ ಇಟ್ಟೀನಿ ಮಿಂಚು,
ಅಚ್ಚು ಹಾಕಿದವರು ರಾಯಪ್ಪನವರು, ಖರೇ ಹೌದವ್ವ,
ಗೀಟು ಗೀಟೂ ಬರದಾಕಿ ಅವರ ಹೆಂಡ್ತಿ ಮರೆವ್ವ.”

ರಾಯಪ್ಪನ ಹೆಸರು ಬಂದ ಕೂಡಲೇ ಅಭ್ಯಾಸಬಲದಿಂದ ಚಪ್ಪಾಳೆ ಬಿದ್ದಿತ್ತು. ಕೊನೆಯ ಸಾಲು ಅದರಲ್ಲಿ ಮುಳುಗಿತು. ಪೂನಮ್ ನಕ್ಕು, “ಭಾಳ ಚಂದ ಹೇಳಿದ್ರಿ,” ಎಂದು ಮೈಕು ಹಿಂದಕ್ಕೆ ತೆಗೆದುಕೊಳ್ಳಲು ಕೈ ಚಾಚಿದಳು.

ಮರೆವ್ವ ಮೈಕು ಬಿಡಲಿಲ್ಲ.

“ತಡೀವಾ. ಕಡೀ ಸಾಲು ಯಾರಿಗೂ ಕೇಳಿಲ್ಲ. ಚಪ್ಪಾಳಿ ಆಮ್ಯಾಲ ತಟ್ರಿ,” ಅಂದಳು. ಮತ್ತೆ ಹೇಳಿದಳು: “ಗೀಟು ಗೀಟೂ ಬರದಾಕಿ ಅವರ ಹೆಂಡ್ತಿ ಮರೆವ್ವ. ನಾನು.”

ಯಾರೋ ಗಂಡಸು, “ಅಜ್ಜಿ ನಗಸಾಕ ಚಾಷ್ಟಿ ಮಾಡಾಕತ್ತಾಳ,” ಅಂದ. ಮುಂದಿನ ಸಾಲಿನಿಂದ ಶೆಟ್ಟೆವ್ವ ಹಣ್ಣಿನ ಬುಟ್ಟಿ ಸಹಿತ ಎದ್ದು ನಿಂತು ಹಿಂದೆ ತಿರುಗಿದಳು. “ಯಾಂವಲೇ ಅಂವಾ? ಅಕಿ ಬರಿಯೂದು ನಾ ಕಣ್ಣಾರೆ ಕಂಡೇನಿ. ಮಸಿ ಕೈಲೆ ಬಡದ ರೊಟ್ಟೀನೂ ತಿಂದೇನಿ!”

ನಗು ಎದ್ದಿತು. ಅದು ಅಜ್ಜಿಯನ್ನು ನೋಡಿ ನಕ್ಕ ನಗುವಲ್ಲ. ಹೆಂಗಸರ ಕಡೆಯಿಂದ ಚಪ್ಪಾಳೆ ಶುರುವಾಗಿ ನಿಧಾನಕ್ಕೆ ಗಂಡಸರ ಕಡೆ ದಾಟಿತು. ಕೆಲವರು ತಟ್ಟಿದರು, ಕೆಲವರು ಮೊಬೈಲು ನೋಡುತ್ತ ಕುಳಿತರು. ಪೂನಮ್ ಮೈಕು ಮರಳಿ ತೆಗೆದುಕೊಂಡು ಒಮ್ಮೆ ವಿರೂಪಾಕ್ಷನ ಕಡೆ, ಒಮ್ಮೆ ಮರೆವ್ವನ ಕಡೆ ನೋಡಿದಳು. ಆಮೇಲೆ, “ಹಂಗಾದರ ಅವ್ವಾರ ಕೈಲೇನ ಸಹಿ ಮಾಡ್ಸಿಕೊಂಡು ಪುಸ್ತಕ ತಗೊಳ್ರಿ,” ಅಂದುಬಿಟ್ಟಳು.

ಬಾಗಿಲ ಹತ್ತಿರ ಪುಸ್ತಕ ಇಟ್ಟಿದ್ದ ಮೇಜಿನ ಹಿಂದೆ ಮರೆವ್ವನಿಗೆ ಕುರ್ಚಿ ಹಾಕಿದರು. ಪೂನಮ್ ದಪ್ಪ ತುದಿಯ ಮಾರ್ಕರ್ ಪೆನ್ನು ತಂದುಕೊಟ್ಟಳು. ಒಬ್ಬ ತಾಯಿ ಮಗಳ ಕೈ ಹಿಡಿದುಕೊಂಡು ಮೊದಲು ಬಂದು, ಪುಸ್ತಕದ ಒಳಪುಟ ತೆರೆದು ಕೊಟ್ಟಳು. ಮರೆವ್ವ ಪುಸ್ತಕ ಮುಚ್ಚಿದಳು. ಮುಖಪುಟದ ಮೇಲೆ, ರಾಯಪ್ಪನ ಹೆಸರಿನ ಬಾಜೂಗೆ, ಒಂದೊಂದೇ ಅಕ್ಷರ ಬರೆದಳು. ಮರೆವ್ವ. ಗೀಟು ನೆಟ್ಟಗೆ ಬರಲಿಲ್ಲ. ಬರದಿದ್ದರೆ ಇರಲಿ.

ಸಾಲು ಬೆಳೆಯಿತು. ಒಬ್ಬಾತ, “ಇದರ ಮ್ಯಾಲ ಬರೀಬ್ಯಾಡ್ರಿ, ನನಗ ಕೋರಾ ಪುಸ್ತಕಾನ ಕೊಡ್ರಿ,” ಎಂದು ಕಸಿದುಕೊಂಡು ಹೋದ. ಇನ್ನೊಬ್ಬ, “ಇದು ರಾಯಪ್ಪನವರ ಸಹಿ ಏನ್ರಿ?” ಎಂದು ಕೇಳಿದ. ಮರೆವ್ವ ತಲೆ ಎತ್ತಿ ಅವನನ್ನೂ, ಹಾರ ಹಾಕಿದ ಫೋಟೋವನ್ನೂ ನೋಡಿದಳು. “ಓದಪಾ, ಅಕ್ಷರ ಬರತಾವಲ್ಲ,” ಅಂದಳು.

ಅಷ್ಟರಲ್ಲಿ ಒಂದು ಸಣ್ಣ ಹುಡುಗಿ ಮುಖಪುಟದ ಕಾಶವ್ವನ ಮೇಲೆ ಬೆರಳಿಟ್ಟು, “ಇಕೀನೂ ನೀನ ಬರದೀಯೇನು?” ಎಂದು ಕೇಳಿದಳು.

“ಇಲ್ಲ ನನ್ನವ್ವಾ. ನಾ ಬರದಾಕಿ ಒಳಗದಾಳ. ದಪ್ಪಗದಾಳ. ಹುಡುಕು, ಮೊದಲನೇ ಪುಸ್ತಕದಾಗ ಸಿಗತಾಳ.”

ಹುಡುಗಿ ಅಲ್ಲೇ ನೆಲದ ಮೇಲೆ ಕುಳಿತು ಹಾಳೆ ತಿರುವತೊಡಗಿದಳು.

ವಿರೂಪಾಕ್ಷ ಬೆವರು ಒರೆಸಿಕೊಳ್ಳುತ್ತ ಬಂದ. ಮೇಜಿನ ಮೇಲಿನ ರಾಶಿ ನೋಡಿ ಎದೆ ಹಿಡಿದುಕೊಂಡ. “ದೊಡ್ಡವ್ವ, ಏನ ಮಾಡಾಕತ್ತೀಬೇ? ಮುಖಪುಟ ಎಲ್ಲಾ ಕೆಡತೈತಿ! ಬಿಡು ಸಾಕು, ಕೈ ನೋಯತೈತಿ.”

“ನೋಯಾಕತ್ತೈತಿ,” ಅಂದಳು ಮರೆವ್ವ. ಇನ್ನೊಂದು ಪುಸ್ತಕ ಎಳೆದುಕೊಂಡು ಮಾರ್ಕರಿನ ಟೊಪ್ಪಿಗೆ ತೆಗೆದಳು. “ಮುಂದಿನ ಸಲ ಹೆಸರು ನೀನ ಅಚ್ಚು ಹಾಕು. ನನ್ನ ಕೈ ಉಳೀತೈತಿ.”